ಏಳದ ರಾಜ

೧೯೭೪ರ ಬೇಸಗೆಯ ಆ ಸಂಜೆ ನಾನು ನಿಂತದ್ದು ಕುಕ್ಕುಂದೂರಿನ ಶಾಲೆಯ ಅಂಗಳದಲ್ಲಿ ಕಟ್ಟಿದ ರಂಗದ ಎಡಬದಿಯ ಮರೆಯಲ್ಲಿ, ದೂತನ ವೇಷದಲ್ಲಿ. ನಾವು ಮಾಸ್ಟ್ರು ಎಂದು ಕರೆಯುತ್ತಿದ್ದ ಹಿರಿಯರು ಬಿದ್ದದ್ದು ನನ್ನ ಕೈಗೆ ಸಿಗದಷ್ಟು ದೂರದಲ್ಲಿ.

ನಮ್ಮ ನಾಟಕ ನಿರ್ದೇಶಿಸಿ, ಮುದಿ ರಾಜನ ಪಾತ್ರವನ್ನೂ ಮಾಡಿದ್ದ ಅವರಿಗೆ ಎಪ್ಪತ್ತು ದಾಟಿತ್ತು. ಯೌವನವೆಲ್ಲ ನಾಟಕ ಕಂಪೆನಿಗಳಲ್ಲಿ ಕಳೆದಿತ್ತು. ಆ ಕಾಲದಲ್ಲಿ ಜನ ‘ಒನ್ಸ್ ಮೋರ್’ ಎಂದು ಕೂಗಿದರೆ ಸತ್ತ ರಾಜನೂ ಎದ್ದು, ಹಾಡನ್ನು ಮತ್ತೆ ಹಾಡಿ, ಮತ್ತೆ ಸಾಯಬೇಕಿತ್ತು. ಅದನ್ನು ಹೇಳುವಾಗಲೆಲ್ಲ ಅವರು ಹೆಗಲ ಶಾಲು ಕೊಡವುತ್ತಿದ್ದರು.

“ಕಂಪೆನಿಯಲ್ಲಿ ಎರಡೆರಡು ಸಲ ಸತ್ತದ್ದು ಸಾಕು ಮಾರಾಯ. ಇಲ್ಲಿ ಒಂದೇ ಸಲ.”

ಅಂದು ಕೊನೆಯ ಹಾಡು ಮುಗಿಸಿ ಬಿದ್ದಾಗ ಅವರ ಬಲಗೈ ರಂಗದ ಅಂಚಿನ ಕಾದ ದೀಪದ ತಗಡಿಗೆ ತಾಗಿತು. ಜನ ‘ಒನ್ಸ್ ಮೋರ್’ ಎಂದು ಕೂಗತೊಡಗಿದರು. ರಾಜ ಏಳಬಹುದೆಂದು ಪರದೆಯ ಸಂಜೀವಣ್ಣ ಹಗ್ಗ ಹಿಡಿದೇ ನಿಂತರು.

“ಏಳಿ ಅಜ್ಜ, ನಿದ್ರೆ ಬಂತಾ?” ಎಂದು ಮುಂದಿನ ಸಾಲಿನವನೊಬ್ಬ ನಗಿಸಿದ.

ಚರ್ಮ ಸುಡುವ ವಾಸನೆ ನನಗೆ ಬಂತು. ಕೈ ಅಲ್ಲಾಡಲಿಲ್ಲ. ರೆಪ್ಪೆಯೂ ಅಲ್ಲಾಡಲಿಲ್ಲ.

“ಸಂಜೀವಣ್ಣ, ಹಗ್ಗ ಬಿಡಿ!” ಎಂದೆ.

ಪರದೆ ಬಿದ್ದ ಮೇಲೆಯೇ ಅವರು ಕೈ ಎಳೆದುಕೊಂಡು ಎದ್ದು ಕುಳಿತದ್ದು. ಗುಳ್ಳೆ ಎದ್ದ ಆ ಕೈಯನ್ನು ನೋಡಲೂ ಇಲ್ಲ.

“ಎಂತ, ನಾನು ಉಸಿರಾಡಿದ್ದು ಕಂಡಿತಾ?” ಎಂದು ಕೇಳಿದರು.

“ಇಲ್ಲ ಮಾಸ್ಟ್ರೇ.”

ಇದನ್ನು ಹತ್ತಿರದಿಂದ ಕಂಡವರಲ್ಲಿ ಸಂಜೀವಣ್ಣ ಬಜಗೋಳಿಯಲ್ಲಿದ್ದಾರೆ. ಹಾರ್ಮೋನಿಯಂ ಬಾರಿಸುತ್ತಿದ್ದ ಫೆಲಿಕ್ಸ್ ಕಾಪುವಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಬೇಕಾದರೆ ಅವರನ್ನೂ ಕೇಳಬಹುದು.