ಮಾವಿನ ಬಿಯರಿಗೆ ಕಟ್ಟಿದ ದಾರ

ನನ್ನ ಗಂಡ ಕುಡಿಯುವವರಲ್ಲ. ಮದುವೆ ಮನೆಯಲ್ಲಿ ಸೋಡಾ ಕೊಟ್ಟರೂ ಮೂಸಿ ನೋಡಿ ಕುಡಿಯುವ ಜಾತಿ. ಆದರೂ ಅವಲಪಲ್ಲಿಯ ನಮ್ಮ ಬೀದಿಯಲ್ಲಿ ಅವರು ಕುಡಿತ ಬಿಟ್ಟ ಮನುಷ್ಯ ಎಂದೇ ಹೆಸರಾಗಿದ್ದಾರೆ. ಆ ಹೆಸರು ತಂದುಕೊಟ್ಟವಳು ನಾನು.

ಬಿಯರ್ ಮಾಡುತ್ತಿದ್ದವಳು ನಾನು, ಕುಡಿಯುತ್ತಿದ್ದವಳೂ ನಾನೇ. ಕೃಷ್ಣಗಿರಿ ಕಡೆಯ ಮಾವಿನ ತಿರುಳಿನ ಫ್ಯಾಕ್ಟರಿಯ ಲ್ಯಾಬಿನಲ್ಲಿ ನನಗೆ ಕೆಲಸ. ಡಬ್ಬಿ ಉಬ್ಬಿದ್ದರೆ ಒಳಗೆ ಹುದುಗು ಹಿಡಿದಿದೆ ಎಂದು ಪಕ್ಕಕ್ಕೆ ತೆಗೆದಿಡಬೇಕು. ದಿನವಿಡೀ ಯಾವುದನ್ನು ತಡೆಯುತ್ತಿದ್ದೆನೋ ಅದನ್ನೇ ಮನೆಯಲ್ಲಿ ಮಾಡಿ ನೋಡುವ ಚಪಲ ಹತ್ತಿತು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಲ್ಲಿ ನೆನೆಸಿ, ಸೋಸಿ, ಕುದಿಸಿ, ಆರಿದ ಮೇಲೆ ಯೀಸ್ಟ್ ಹಾಕಿ ಬಿಡುತ್ತಿದ್ದೆ. ಹುದುಗು ಇಳಿದ ಮೇಲೆ ಬಾಟಲಿಗೆ ತುಂಬುವಾಗ ಒಂದಿಷ್ಟು ಸೇಂದೂರ ಮಾವಿನ ರಸ. ಅದರ ಸಕ್ಕರೆಯನ್ನು ಯೀಸ್ಟ್ ತಿಂದು ಮುಚ್ಚಿದ ಬಾಟಲಿಯೊಳಗೇ ಗ್ಯಾಸ್ ಹುಟ್ಟಿಸುತ್ತದೆ. ನೊರೆಗೆ ನೊರೆ, ಘಮಕ್ಕೆ ಘಮ. ಕಾನೂನು ಒಪ್ಪದ ಕೆಲಸ ಎಂದು ಗೊತ್ತಿತ್ತು. ಭಾನುವಾರ ಒಂದು ಲೋಟ ಹೊಟ್ಟೆಗೆ ಇಳಿದ ಮೇಲೆ ಮಾತ್ರ ಯಾವ ಕಾನೂನೂ ನೆನಪಾಗುತ್ತಿರಲಿಲ್ಲ.

ಆ ಸಲ ಹಣ್ಣು ವಿಪರೀತ ಸಿಹಿಯಾಗಿತ್ತು. ಲ್ಯಾಬಿನಲ್ಲಿ ಹನಿ ಹನಿಯ ಸಿಹಿ ಅಳೆಯುವವಳು ಮನೆಯಲ್ಲಿ ಕಣ್ಣಳತೆಗೆ ಸುರಿದೆ. ಮೆಟ್ಟಿಲ ಕೆಳಗೆ ಗೋಣಿ ಹೊದಿಸಿಟ್ಟ ಬಾಟಲಿಗಳಲ್ಲಿ ಒಂದು ಮಟಮಟ ಮಧ್ಯಾಹ್ನ ಸಿಡಿಯಿತು, ಹಿಂದೆಯೇ ಉಳಿದವೂ ಸಿಡಿದವು. ಹಳದಿ ನೊರೆ ಮನೆಯೊಡತಿಯ ಬಾಗಿಲ ರಂಗೋಲಿಯವರೆಗೆ ಹರಿಯಿತು. ಕೆಳಮನೆಯಲ್ಲಿರುವ ಅವರು ಊರಿನ ಹಳೆಯ ಒಕ್ಕಲು ಮನೆತನದ ಹಿರಿಯರು. ವಾಸನೆ ಹಿಡಿಯಲು ಅವರಿಗೆ ಲ್ಯಾಬು ಬೇಕಿರಲಿಲ್ಲ. ಹೊರಗೆ ಬಂದವರೇ ನೇರವಾಗಿ ನನ್ನ ಗಂಡನ ಮುಖ ನೋಡಿದರು. ನನ್ನ ಕಡೆ ತಿರುಗಬೇಕೆಂದು ಅವರಿಗೆ ತೋಚಲೇ ಇಲ್ಲ.

ನಾನು ಬಾಯಿ ತೆರೆಯುವಷ್ಟರಲ್ಲಿ ಇವರು, ತಪ್ಪಾಯಿತು, ಇನ್ನು ಮಾಡುವುದಿಲ್ಲ ಎಂದುಬಿಟ್ಟರು. ನಾನು ತೆರೆದ ಬಾಯಿ ಮುಚ್ಚಿಕೊಂಡು ಗಾಜು ಗುಡಿಸಿದೆ. ಸಂಜೆ ಮನೆಯೊಡತಿ ನನಗೆಂದೇ ಬಸ್ಸಾರು ತಂದು, ಪಾಪ ಎಷ್ಟು ನುಂಗಿಕೊಂಡಿದ್ದೀಯೋ ಎಂದು ತಲೆ ಸವರಿದರು. ನಾನು ಆ ಸಾರನ್ನು ಚಪ್ಪರಿಸಿಕೊಂಡು ಉಂಡೆ. ನಾಚಿಕೆಗೆಟ್ಟವಳು.

ಮುಂದಿನ ಭಾನುವಾರ ಅವರು ನಮ್ಮಿಬ್ಬರನ್ನೂ ಸಾನಮಾವು ಎಂಬ ಊರಿನ ಕಡೆಯ ಒಂದು ಗುಡಿಗೆ ಕರೆದೊಯ್ದರು. ಕುಡಿತ ಬಿಡುವವರಿಗೆ ಅಲ್ಲಿ ಮಂತ್ರಿಸಿದ ದಾರ ಕಟ್ಟುತ್ತಾರೆ. ಕೊನೆಯ ಗಂಟು ಹೆಂಡತಿಯದೇ ಆಗಬೇಕಂತೆ. ಎಂದೂ ಕುಡಿಯದವರ ಕೈಗೆ, ಕುಡಿಯುವ ನಾನು ಗಂಟು ಹಾಕಿದೆ. ಗಟ್ಟಿಯಾಗಿ ಹಾಕಮ್ಮ ಎಂದರು ಪೂಜಾರಿ. ಇವರು ನಗು ತಡೆಯಲು ತುಟಿ ಕಚ್ಚಿಕೊಂಡಿದ್ದರು. ನನಗೆ ಇವರ ಮುಖ ನೋಡಲಾಗಲಿಲ್ಲ.

ಸುದ್ದಿ ಹೇಗೋ ಕೋಲಾರದಲ್ಲಿದ್ದ ಅತ್ತೆಗೂ ಮುಟ್ಟಿತು. ಫೋನಿನಲ್ಲಿ ಅವರು ಮಗನಿಗೆ ಬೈದು, ಆಮೇಲೆ ಅತ್ತರು. ಇವರು ಹ್ಞೂಂ ಹ್ಞೂಂ ಎಂದು ಕೇಳಿಸಿಕೊಂಡರು. ಫೋನ್ ಇಟ್ಟ ಮೇಲೆ, ನಿಜ ಹೇಳಿಬಿಡುತ್ತೇನೆ ಎಂದೆ. "ಬ್ಯಾಡ ಬಿಡು. ನಾನು ಕುಡಿದ್ರೆ ದಾರ ಕಟ್ತಾರೆ, ನೀನು ಕುಡಿದ್ರೆ ಮನೆ ಖಾಲಿ ಮಾಡಿಸ್ತಾರೆ" ಎಂದರು. ಇವರು ಹಾಗೆಂದದ್ದಕ್ಕೆ ನನಗೆ ಇನ್ನಷ್ಟು ನಾಚಿಕೆಯಾಯಿತು. ಮರುದಿನ ಕೆಲಸದಿಂದ ಬಂದವಳು ನೇರ ಕೆಳಮನೆಗೆ ಹೋದೆ.

ಮನೆಯೊಡತಿ ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದರು. ಬಾರ್ಲಿಯಿಂದ ಹಿಡಿದು ಮಾವಿನ ರಸದವರೆಗೆ ಎಲ್ಲ ಹೇಳಿದೆ. ಮಾಡಿದ್ದು ನಾನು, ಕುಡಿದದ್ದು ನಾನು ಎಂದೆ. ಅವರು ಪೂರ್ತಿ ಕೇಳಿ ನನ್ನ ಕೈ ಹಿಡಿದುಕೊಂಡರು. ಅವರ ಕಣ್ಣು ತುಂಬಿತ್ತು.

"ಗಂಡನ್ನ ಬಿಟ್ಕೊಡ್ಬಾರ್ದು ಅಂತ ಎಲ್ಲಾ ನಿನ್ ತಲೆ ಮ್ಯಾಲೆ ಹಾಕ್ಕೊಂತೀಯಲ್ಲವ್ವ. ನಿನ್ನಂಥೋಳ್ನ ಪಡೆಯಾಕೆ ಅವ್ನು ಪುಣ್ಯ ಮಾಡಿದ್ದ."

ಅಷ್ಟರಲ್ಲಿ ಇವರ ಬೈಕು ಗೇಟಿಗೆ ಬಂತು. "ನೋಡ್ಲಾ, ನಿಂಗೋಸ್ಕರ ಸುಳ್ ಹೇಳಾಕೆ ಬಂದವ್ಳೆ ನಿನ್ ಹೆಂಡ್ತಿ. ಇನ್ನೊಂದ್ ದಪ ಮುಟ್ಟೀಯ?" ಎಂದು ಅವರು ಕೂತಲ್ಲಿಂದಲೇ ಗದರಿದರು.

ಇವರು ಹೆಲ್ಮೆಟ್ ತೆಗೆದು ಒಮ್ಮೆ ನನ್ನನ್ನು ನೋಡಿ, ತಲೆ ತಗ್ಗಿಸಿದರು.

"ಇಲ್ಲಮ್ಮ, ಮುಟ್ಟಲ್ಲ" ಎಂದು ಮತ್ತೊಮ್ಮೆ ಮಾತು ಕೊಟ್ಟರು.