ನೀರು ಬೇಡ ಎಂದವನು

ಶುಕ್ರವಾರ ತಾಮ್ರದ ತಂಬಿಗೆ ತಿಕ್ಕುವುದು ನನ್ನ ರೂಢಿ. ಅವತ್ತೂ ನಮ್ಮನೆಯವರಿಗೆ ಅಕ್ಕಿ ರೊಟ್ಟಿ, ಕಾಯಿ ಚಟ್ನಿ ಕಟ್ಟಿಕೊಟ್ಟೆ. ಅವರ ಬೈಕಿನ ಸದ್ದು ಮಾಸ್ತಿಕಟ್ಟೆಯ ಕಡೆಗೆ ಕರಗಿದ ಮೇಲೆ ಹಿತ್ತಲ ಕಲ್ಲಿನ ಮೇಲೆ ಕೂತು, ಹುಣಸೆಹಣ್ಣಿಗೆ ಉಪ್ಪು ಸೇರಿಸಿ ತಿಕ್ಕತೊಡಗಿದೆ. ತವರಿನಿಂದ ಬಂದ ತಂಬಿಗೆ ಅದು, ದಪ್ಪ ತಳದ್ದು. ತುಂಬಿದರೆ ಒಂದೇ ಕೈಯಲ್ಲಿ ಎತ್ತುವುದು ಕಷ್ಟ. ಹುಣಸೆ ತಾಗಿದ ಕಡೆಯೆಲ್ಲ ಕಪ್ಪು ಬಿಟ್ಟು, ಮಿಂದೆದ್ದ ಮಗುವಿನ ಕೆನ್ನೆಯ ಬಣ್ಣ ಏಳುತ್ತಿತ್ತು. ಒಳಗೆ ತಮ್ಮ ಇನ್ನೂ ಮಲಗಿದ್ದ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೇ.

ತಮ್ಮ ರ‍್ಯಾಪ್ ಹಾಡುತ್ತಾನೆ. ಇರುವುದು ಸಾಗರದಲ್ಲಿ. ಅವನನ್ನು ಹುಡುಕಿಕೊಂಡು ಮನೆಯ ಮುಂದೆ ಬೈಕುಗಳು ಸುಳಿದಾಡತೊಡಗಿದ ಮೇಲೆ ಅಮ್ಮ ಹೆದರಿ, ಹೊಸನಗರದ ನಮ್ಮ ಬಾಡಿಗೆ ಮನೆಗೆ ಕಳಿಸಿದ್ದಳು. ಹುಡುಕುತ್ತಿದ್ದವನು ತೀರ್ಥಹಳ್ಳಿಯ ಹುಡುಗ, ಅವನೂ ರ‍್ಯಾಪ್ ಹಾಡುವವನೇ. ಅವನು ನನಗೆ ಹೊಸಬನಲ್ಲ. ಮೊದಲು ಇಬ್ಬರೂ ಜೋಡಿಯಾಗಿ ಹಾಡುತ್ತಿದ್ದರು. ಹೊಸನಗರ ಇಬ್ಬರಿಗೂ ನಡುವಿನ ಊರು, ಹಾಗಾಗಿ ರೆಕಾರ್ಡಿಂಗ್ ನಡೆಯುತ್ತಿದ್ದುದು ನಮ್ಮ ಮಲಗುವ ಕೋಣೆಯಲ್ಲಿ. ದನಿ ಗೋಡೆಗೆ ಬಡಿದು ಮರಳಬಾರದೆಂದು ನನ್ನ ಕಂಬಳಿಗಳನ್ನೆಲ್ಲ ಹಗ್ಗದ ಮೇಲೆ ಇಳಿಬಿಟ್ಟು, ಅದರೊಳಗೆ ನುಗ್ಗಿ ಹಾಡಿ, ಬೆವರು ಸುರಿಸುತ್ತ ಹೊರಗೆ ಬರುತ್ತಿದ್ದರು. ತೀರ್ಥಹಳ್ಳಿಯವನದು ಮೊದಲ ಮಾತೇ, "ಅಕ್ಕಾ, ನೀರು, ಬೆಲ್ಲ." ಬೆಲ್ಲದ ಚೂರನ್ನು ಕಚ್ಚದೆ ದವಡೆಯಲ್ಲಿಟ್ಟುಕೊಂಡು ಕರಗಿಸುತ್ತಿದ್ದ. ಕವಲೇದುರ್ಗದ ಕೋಟೆಗೋಡೆಯ ಮೇಲೆ ನಿಂತು ಇಬ್ಬರೂ ಮಾಡಿದ ಮೊದಲ ಹಾಡನ್ನು ಮೂರು ತಾಲೂಕಿನ ಆಟೋಗಳು ಹಾಕಿಕೊಂಡು ತಿರುಗಿದವು.

ಆಮೇಲೆ ಹಾಡಿನಲ್ಲಿ ಯಾರ ಹೆಸರು ಮೊದಲು ಬರಬೇಕು ಎಂದು ಜಗಳ ಹತ್ತಿತು. ಬೇರೆಯಾದರು. ಒಬ್ಬರ ಮೇಲೊಬ್ಬರು ಹಾಡು ಕಟ್ಟಿ ಬೈದುಕೊಂಡರು. ಜನಕ್ಕೆ ಜೊತೆಯ ಹಾಡಿಗಿಂತ ಈ ಬೈಗುಳವೇ ರುಚಿಸಿತು. ಒಮ್ಮೆ ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಹರಿಯುತ್ತ ಕಾಲೇಜು ಹುಡುಗರನ್ನು, "ನೀವ್ ಸಾಗರದ ಪಾರ್ಟಿನೋ, ತೀರ್ಥಳ್ಳಿ ಪಾರ್ಟಿನೋ? ಒಂದೇ ಸೀಟಲ್ಲಿ ಕೂರ್ಬ್ಯಾಡಿ ಮತ್ತೆ" ಎಂದು ಕಿಚಾಯಿಸಿದ್ದನ್ನು ನಾನೇ ಕೇಳಿದ್ದೇನೆ.

ನಮ್ಮ ಮನೆಗೆ ಬಂದ ಮೇಲೆ ತಮ್ಮ ಮತ್ತೊಂದು ಹಾಡು ಮಾಡಿದ. ಕಂಬಳಿಯ ಆಚೆಯಿಂದ ಅಡುಗೆಮನೆಗೆ ಕೇಳುತ್ತಿತ್ತು: "ಮದುವೆ ಮನೆ ಎಂಜಲೆಲೆ ಎತ್ತೋಳ ಮಗ ನೀನು, ಮಿಕ್ಕ ಪಾಯಸ ನೆಕ್ಕಿ ಬೆಳೆದ ಹುಲಿ ಏನು?" ಆ ಹುಡುಗನ ತಾಯಿ ಮದುವೆ ಛತ್ರಗಳಲ್ಲಿ ಕೆಲಸ ಮಾಡುತ್ತಾರೆ. ಮಗನ ಕೈಯಲ್ಲಿ ನನಗೆ ಹಲಸಿನ ಹಪ್ಪಳ ಕಳಿಸುತ್ತಿದ್ದವರು.

ಊಟಕ್ಕೆ ಕೂತಾಗ ಕೇಳಿದೆ, "ಅವರಮ್ಮ ನಿಂಗೆ ಎಂತ ಮಾಡಿದ್ರೋ?"

"ಅಕ್ಕಾ, ಇದು ಹಾಡು. ಹಾಡಲ್ಲಿ ಯಾರೂ ಸಾಯಲ್ಲ" ಎಂದು ಸಾರು ಸುರಿದ.

ತೀರ್ಥಹಳ್ಳಿಯಿಂದ ಉತ್ತರ ಬರಲು ತಡವಾಗಲಿಲ್ಲ: "ನನ್ನವ್ವನ್ನ ಅಂದ ಬಾಯಿ ಭಾನುವಾರ ತೆರೀಬಾರ್ದು, ತೆರೆದ್ರೆ ಒಳಗೆ ಒಂದೂ ಹಲ್ಲು ಇರಬಾರ್ದು." ಭಾನುವಾರ ಸಾಗರದಲ್ಲಿ ತಮ್ಮ ಮೊದಲ ಬಾರಿಗೆ ಸ್ಟೇಜ್ ಹತ್ತುವುದಿತ್ತು. ಅದಕ್ಕೆಂದು ತಂದ ಹೊಸ ಶರ್ಟನ್ನು ನಾನು ಇಸ್ತ್ರಿ ಮಾಡಿ ಬೀರುವಿನಲ್ಲಿ ತೂಗುಹಾಕಿದ್ದೆ.

ತಿಕ್ಕಿದ ತಂಬಿಗೆಗೆ ನೀರು ತುಂಬಿ ಒಳಗೆ ತರುತ್ತಿದ್ದಾಗ ಗೇಟಿನ ಸದ್ದಾಯಿತು. ಮೂವರು. ಮುಂದೆ ಆ ಹುಡುಗ. ಹಿಂದಿನ ಒಬ್ಬನ ಕೈಯಲ್ಲಿ ಎರಡು ಕ್ರಿಕೆಟ್ ವಿಕೆಟ್‌ಗಳು, ಇನ್ನೊಬ್ಬನ ಕೈಯಲ್ಲಿ ಮೊಬೈಲು. ಮೂವರೂ ಮೆಟ್ಟಿಲ ಬಳಿ ಚಪ್ಪಲಿ ಕಳಚಿದರು. ತೀರ್ಥಹಳ್ಳಿಯವನ ಎಡಗಾಲಿನ ಚಪ್ಪಲಿಯ ಬಾರಿಗೆ ಪಿನ್ನು ಚುಚ್ಚಿತ್ತು.

"ಬಾ ಮಾರಾಯ, ಎಷ್ಟ್ ದಿನ ಆಯ್ತು. ಮೊದ್ಲು ನೀರು ಕುಡಿ, ಬೆಲ್ಲ ತರ್ತೀನಿ."

"ನೀರು ಬ್ಯಾಡ ಅಕ್ಕ."

ಜಗಳಕ್ಕೆ ಬಂದವರೂ ನಮ್ಮಲ್ಲಿ ನೀರು ಕುಡಿಯುತ್ತಾರೆ. ಕುಡಿದ ಮೇಲೆ ಆ ಮನೆಯವರ ಮೇಲೆ ಕೈ ಎತ್ತುವುದಿಲ್ಲ. ಅದು ಅವನಿಗೂ ಗೊತ್ತಿತ್ತು. ತಂಬಿಗೆಯನ್ನು ಅವನ ಮುಂದೆ ಇನ್ನಷ್ಟು ಚಾಚಿದೆ.

"ಕೂತ್ಕೊ. ಅವ್ನ ಕೈಲಿ ನಾನೇ ತಪ್ಪಾಯ್ತು ಅನ್ನಿಸ್ತೀನಿ. ನಿಮ್ಮಮ್ಮನ ಹತ್ರಾನೇ ಕರ್ಕೊಂಡ್ ಬರ್ತೀನಿ."

"ನೀವು ಅಡುಗೆಮನೆಗೆ ಹೋಗಿ ಅಕ್ಕ. ನೋಡ್ಬ್ಯಾಡಿ."

ಕಂಬಳಿಯ ಸಮೇತ ತಮ್ಮನನ್ನು ಜಗುಲಿಗೆ ಎಳೆದು ತಂದರು. ವಿಕೆಟ್ಟು ಬೆನ್ನಿಗೆ, ಭುಜಕ್ಕೆ, ಮತ್ತೆ ಬೆನ್ನಿಗೆ ಬಿತ್ತು. ಬಿಸಿಲಿಗೆ ಹಾಕಿದ ಹಾಸಿಗೆ ಬಡಿದಂಥ ಸದ್ದು. ಅಷ್ಟಾದರೂ ತಮ್ಮನ ಬಾಯಿ ನಿಲ್ಲಲಿಲ್ಲ. "ಮೂರ್ ಜನ ಬೇಕಾಯ್ತೇನೋ? ನಿನ್ ಹಾಡು ಕೇಳಕ್ಕೂ ಇಷ್ಟ್ ಜನ ಇಲ್ವಲ್ಲೋ."

ಹುಡುಗ ಅವನ ಎದೆಯ ಮೇಲೆ ಕೂತ. ಎರಡು ತೋಳಿನ ಮೇಲೆ ಎರಡು ಮೊಣಕಾಲು ಊರಿದ. "ತೆರಿ. ನಮ್ಮವ್ವನ್ನ ಅಂದ ಬಾಯಿ ತೆರಿ." ವಿಕೆಟ್ಟಿನ ಹಿಂಬದಿಯಿಂದ ಒನಕೆಯಲ್ಲಿ ಕುಟ್ಟುವಂತೆ ಕುಟ್ಟಿದ. ತುಟಿ ಸೀಳಿತು. ಇನ್ನೊಮ್ಮೆ ಕುಟ್ಟಿದಾಗ ಹಲ್ಲೊಂದು ಕೆಂಪು ಸಿಮೆಂಟಿನ ನೆಲದ ಮೇಲೆ ಹುಣಸೆ ಬೀಜದಂತೆ ಉರುಳಿಹೋಯಿತು. ಮತ್ತೊಂದು ಪೆಟ್ಟಿಗೆ ದವಡೆಯೊಳಗೆ ಒಣಕಡ್ಡಿ ಮುರಿದ ಸದ್ದಾಯಿತು. ತಮ್ಮನ ಕಾಲು ನೆಲವನ್ನು ತಿಕ್ಕುತ್ತಿತ್ತು.

ಮೊಬೈಲು ಹಿಡಿದವನು, "ಸ್ವಲ್ಪ ಈ ಕಡೆ ತಿರ್ಗ್ಸೋ, ಮುಖ ಬೀಳ್ತಿಲ್ಲ" ಎಂದ.

ಕಾನ್ವೆಂಟಿನಲ್ಲಿ ನಮಗೆ ಲೋಟವನ್ನು ಸದ್ದಾಗದಂತೆ ಮೇಜಿನ ಮೇಲಿಡುವುದನ್ನು ಕಲಿಸಿದ್ದರು. ಇವತ್ತಿಗೂ ನಾನು ಹಾಗೇ ಇಡುವುದು. ತಂಬಿಗೆಯನ್ನು ಮಾತ್ರ ಇನ್ನೂ ಎಲ್ಲೂ ಇಟ್ಟಿರಲಿಲ್ಲ. ಎರಡೂ ಕೈಯಲ್ಲಿ ಎತ್ತಿ ಬೀಸಿದೆ. ನೀರು ಬಾಗಿಲಿನವರೆಗೂ ಹಾರಿತು. ತಂಬಿಗೆ ಅವನ ಕಿವಿಯ ಮೇಲೆ ಬಿದ್ದು ಠಣ್ ಎಂದಿತು. ಶಾಲೆಯ ಗಂಟೆಯಂತೆ ಆ ಸದ್ದು ಸುಮಾರು ಹೊತ್ತು ನಿಂತಿತು. ಅವನು ನನ್ನ ಕಡೆ ತಿರುಗಿದ. ಬರಿದಾಗಿ ಹಗುರಾದ ತಂಬಿಗೆಯನ್ನು ಮತ್ತೆ ಬೀಸಿದೆ. ಈ ಸಲ ಅದು ಅವನ ಹಣೆಯಂಚಿಗೆ ತಾಗಿತು. ಕಿವಿ ಮುಚ್ಚಿದ್ದ ಬೆರಳಿನ ಸಂದಿಯಿಂದ ರಕ್ತ ಇಳಿದು ಕಾಲರ್ ಸೇರಿತು. "ಅಕ್ಕ" ಎಂದ, ನೀರು ಕೇಳುತ್ತಿದ್ದ ದನಿಯಲ್ಲೇ. ನಾನು ಮತ್ತೂ ಎತ್ತಿದೆ. ಅಷ್ಟರಲ್ಲಿ ಜೊತೆಯವರು ಅವನನ್ನು ಎಳೆದುಕೊಂಡು ಓಡಿದರು, ಬರಿಗಾಲಲ್ಲಿ. ಮೂರು ಜೊತೆ ಚಪ್ಪಲಿ ಮೆಟ್ಟಿಲ ಬಳಿ ಸಾಲಾಗಿ ಉಳಿದವು.

ಫೋನ್ ಮಾಡಿದ ಕೂಡಲೇ ನಮ್ಮನೆಯವರು ಬಂದು ತಮ್ಮನನ್ನು ಬಾಡಿಗೆ ಕಾರಿನಲ್ಲಿ ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು. ಪೊಲೀಸರು ಚಪ್ಪಲಿಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡರು. ತಂಬಿಗೆಯನ್ನೂ ಕೇಳಿದರು. ಕಂಠ ನೆಗ್ಗಿತ್ತು, ಅಂಚಿಗೆ ಕೂದಲು ಅಂಟಿಕೊಂಡಿತ್ತು. ಹಾಗೇ ಕೊಟ್ಟೆ. ಹುಡುಗನ ತಲೆಗೆ ತೀರ್ಥಹಳ್ಳಿಯಲ್ಲಿ ಹೊಲಿಗೆ ಹಾಕಿದ್ದಾರೆ, ಆ ಕಿವಿ ಇನ್ನು ಕೇಳುತ್ತದೋ ಇಲ್ಲವೋ ಗೊತ್ತಿಲ್ಲ ಎಂದು ಅವರಲ್ಲೊಬ್ಬರು ಹೇಳಿದರು. ಮಧ್ಯಾಹ್ನವಿಡೀ ನೆಲ ಒರೆಸಿದೆ. ಉರುಳಿಹೋಗಿದ್ದ ಹಲ್ಲು ಒರಳಿನ ಸಂದಿಯಲ್ಲಿ ಸಿಕ್ಕಿತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ನಮ್ಮನೆಯವರ ಫೋನು ಬಂತು. "ದವಡೆ ಮುರಿದಿದೆ. ಮೇಲಿನ ಹಲ್ಲು, ಕೆಳಗಿನ ಹಲ್ಲು ಸೇರಿಸಿ ತಂತಿ ಕಟ್ತಾರಂತೆ. ಕೂಡೋವರೆಗೂ ಬಾಯಿ ಬಿಡೋ ಹಾಗಿಲ್ಲ."

"ಭಾನುವಾರ?" ಎಂದೆ.

"ಎಂತ ಭಾನುವಾರ" ಎಂದು ಅವರು ಫೋನಿಟ್ಟರು.

ಬೀರುವಿನಿಂದ ಹೊಸ ಶರ್ಟು ತೆಗೆದು ಮಡಿಸುತ್ತಿದ್ದೆ. ಪಕ್ಕದ ಮನೆಯ ಅಜ್ಜಿ ಸಾರಿನ ಪಾತ್ರೆಯನ್ನು ಸೆರಗಿನಲ್ಲಿ ಹಿಡಿದು ಬಂದರು. ಅವರ ಜಗುಲಿಯಿಂದ ಮೊಬೈಲಿನ ಹಾಡು ಕೇಳುತ್ತಿತ್ತು. ಮೊಬೈಲು ಹಿಡಿದಿದ್ದವನು ಆಗಲೇ ವಿಡಿಯೋ ಬಿಟ್ಟಿದ್ದ. ಡ್ರಮ್ಮಿನ ನಡುನಡುವೆ ನನ್ನ ತಂಬಿಗೆ, ಠಣ್, ಠಣ್.

"ಬಿಸಿ ಇದೆ, ಹುಷಾರು" ಎಂದು ಅಜ್ಜಿ ಪಾತ್ರೆ ಇಟ್ಟರು. ಹೊರಡುವಾಗ ಬಾಗಿಲಲ್ಲಿ ತಿರುಗಿ, "ಯಾರೋ ಆಗ್ಲೇ ಹಾಡು ಮಾಡ್ಬಿಟ್ಟಿದಾರೆ ಮಾರಾಯ್ತಿ. ನಿನ್ ತಂಬಿಗೆ ತಾಳಕ್ಕೆ ಎಷ್ಟ್ ಸರಿಯಾಗಿ ಕೂತಿದೆ ನೋಡು, ನಮ್ಮ ಪುಟ್ಟಿ ಆಗ್ಲಿಂದ ಅದಕ್ಕೇ ಕುಣೀತಿದಾಳೆ" ಎಂದರು.