‘ಏನೂ ತ್ರಾಸಿಲ್ಲ’ ಎನ್ನುತ್ತಿದ್ದ ಹವಾಲ್ದಾರರು

2005ನೇ ಇಸವಿ. ಹೈದರಾಬಾದಿನಲ್ಲಿ ಮಾಜಿ ಸೈನಿಕರಿಗೆ ಚಿಕಿತ್ಸೆ ಕೊಡುತ್ತಿದ್ದ ಒಂದು ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ನಾನು ಸೋಷಿಯಲ್ ವರ್ಕರ್ ಆಗಿದ್ದೆ. ಔಷಧಿ ಬರೆಯುವುದು ಡಾಕ್ಟರ ಕೆಲಸ, ಕೊಡುವುದು ನರ್ಸಮ್ಮನ ಕೆಲಸ. ರೋಗಿ ಡಿಸ್‌ಚಾರ್ಜ್ ಆಗಿ ಗೇಟು ದಾಟಿದ ಮೇಲೆ ಅವರು ನನ್ನ ಪಾಲು. ಇದಕ್ಕೆ ಫಾಲೋ-ಅಪ್ ಎಂದು ಹೆಸರು. ಮನೆಗೆ ಹೋದವರಿಗೆ ವಾರಕ್ಕೊಮ್ಮೆ ಫೋನ್ ಮಾಡಿ ವಿಚಾರಿಸಬೇಕು, ಅವರು ಹೇಳಿದ್ದನ್ನು ರಿಜಿಸ್ಟರಿನಲ್ಲಿ ಬರೆಯಬೇಕು. ನನ್ನ ರಿಜಿಸ್ಟರಿನ ಬಗ್ಗೆ ಆಗ ನನಗೆ ಇನ್ನಿಲ್ಲದ ಜಂಬ. ಒಂದು ಖಾನೆಯನ್ನೂ ಖಾಲಿ ಬಿಟ್ಟವಳಲ್ಲ.

ಅದರಲ್ಲಿ ಎಲ್ಲಕ್ಕಿಂತ ಚೊಕ್ಕಟವಾದ ಪುಟ ಹವಾಲ್ದಾರ್ ಶರಣಪ್ಪನವರದು. ಲಿಂಗಸುಗೂರು ಕಡೆಯವರು. ಗಡಿ ಠಾಣೆಯೊಂದರಲ್ಲಿ ಶೆಲ್ ಬಿದ್ದಾಗ ಅವರ ಎಡಬಲದಲ್ಲಿದ್ದ ಇಬ್ಬರು ಗೆಳೆಯರು ಹೋದರು, ಇವರು ಉಳಿದರು. ನಿವೃತ್ತಿಯಾಗಿ ಮನೆಗೆ ಬಂದರೂ ಆ ಶಬ್ದ ಅವರ ಬೆನ್ನು ಬಿಡಲಿಲ್ಲ. ಬಾಗಿಲು ಜೋರಾಗಿ ಬಡಿದರೂ ಸಾಕು, ಮೈ ಆ ಠಾಣೆಗೇ ವಾಪಸು ಹೋಗಿಬಿಡುತ್ತಿತ್ತು. ಪೋಸ್ಟ್ ಟ್ರಾಮಾಟಿಕ್ ಸ್ಟ್ರೆಸ್ ಎಂದು ನಾವು ಕರೆಯುವುದು ಇದನ್ನೇ. ಆರು ವಾರ ವಾರ್ಡಿನಲ್ಲಿದ್ದು ಸುಧಾರಿಸಿಕೊಂಡು ಅವರು ಹೈದರಾಬಾದಿನ ಅಂಚಿನ ಲಿಂಗಂಪಲ್ಲಿಯ ಬಾಡಿಗೆ ಮನೆಗೆ ಮರಳಿದರು. ಮನೆಯಲ್ಲಿ ಹೆಂಡತಿ ಮಹಾದೇವಿ, ಹತ್ತು ವರ್ಷದ ಮಗಳು ರೇಖಾ. ಹತ್ತಿರದ ಸಾಫ್ಟ್‌ವೇರ್ ಕಂಪನಿಯೊಂದರ ಗೇಟಿನಲ್ಲಿ ಸೆಕ್ಯುರಿಟಿ ಕೆಲಸವೂ ಸಿಕ್ಕಿತು.

ನಾನು ಧಾರವಾಡದವಳು. ಹಾಗಾಗಿ ಫೋನಿನಲ್ಲಿ ನಮ್ಮ ಮಾತು ನಮ್ಮ ಕನ್ನಡದಲ್ಲೇ ನಡೆಯುತ್ತಿತ್ತು.

“ಏನಾರ ತ್ರಾಸ್ ಐತೇನ್ರಿ?”

“ಇಲ್ರಿ ಮೇಡಂ. ಎಲ್ಲಾ ಆರಾಮ ಐತ್ರಿ.”

ಐದು ವಾರ, ಐದು ಟಿಕ್ ಮಾರ್ಕು. ಫಾಲೋ-ಅಪ್ ಎಂದರೆ ಹೀಗಿರಬೇಕು ಎಂದು ಆ ಪುಟವನ್ನು ಸಹೋದ್ಯೋಗಿಗಳಿಗೆ ತೋರಿಸಿಯೂ ಆಗಿತ್ತು.

ಆರನೇ ವಾರದ ಬುಧವಾರ ಮಹಾದೇವಿ ಎರಡು ಬಸ್ಸು ಬದಲಿಸಿ ನನ್ನ ಟೇಬಲ್ಲಿಗೆ ಬಂದು ನಿಂತರು. ಕೂರಿ ಎಂದರೂ ಕೂರಲಿಲ್ಲ.

“ಮೇಡಂ, ನೀವು ವಾರಾ ವಾರಾ ಫೋನ್ ಮಾಡ್ತೀರಿ. ಅವರು ಆರಾಮ ಅಂತಾರ, ನೀವು ಇಟ್ಟುಬಿಡ್ತೀರಿ. ಅವರು ಮನಿಯಾಗ ಮಲಗೂದು ಬಿಟ್ಟು ಹನ್ನೊಂದು ದಿನ ಆತ್ರಿ.”

ನಡೆದದ್ದು ಇಷ್ಟು. ಅಡುಗೆಮನೆಯಲ್ಲಿ ಸ್ಟೀಲ್ ಡಬ್ಬಿಯೊಂದು ಮೇಲಿನಿಂದ ಬಿತ್ತು. ಶರಣಪ್ಪ ಹಾರಿ ಮಗಳನ್ನು ನೆಲಕ್ಕೆ ಕೆಡವಿ, ಮೈಮೇಲೆ ಬಿದ್ದು ಮುಚ್ಚಿ ಹಿಡಿದರು. ಅವಳನ್ನು ಕಾಪಾಡುತ್ತಿದ್ದೇನೆ ಎಂದೇ ಅವರ ಎಣಿಕೆ. ಹುಡುಗಿ ಉಸಿರುಗಟ್ಟಿ ಕಿರುಚಿದಳು, ಮೊಣಕೈ ಬಾತಿತು. ಅಂದಿನಿಂದ ಅವರು ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಮಲಗುತ್ತಿದ್ದರು. ಸ್ನಾನಕ್ಕೆ, ಯೂನಿಫಾರ್ಮ್ ಬದಲಿಸುವುದಕ್ಕೆ ಮಾತ್ರ ಮನೆಗೆ ಬರುತ್ತಿದ್ದರು.

“ನಾ ಮನಿಯಾಗಿದ್ರ ಮಗಳಿಗೆ ಏನಾರ ಮಾಡಿಬಿಡ್ತೀನಿ ಅಂತಾರ. ಸೋಮವಾರ ನಮ್ಮಿಬ್ಬರನ್ನೂ ಊರ ಬಸ್ ಹತ್ತಿಸ್ತಾರಂತ್ರಿ,” ಎಂದರು ಮಹಾದೇವಿ.

ಐದು ಟಿಕ್ ಮಾರ್ಕುಗಳ ಆ ಪುಟ ಟೇಬಲ್ಲಿನ ಮೇಲೆ ತೆರೆದೇ ಇತ್ತು. ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಆ ಸಂಸಾರ ಚೂರಾಗುವುದಕ್ಕೆ ಇನ್ನು ಐದೇ ದಿನ ಉಳಿದಿತ್ತು.

ಗುರುವಾರ ಬೆಳಿಗ್ಗೆಯೇ ಅವರ ಗೇಟಿಗೆ ಹೋದೆ. ಹೈದರಾಬಾದಿನ ಆ ಕಡೆ ಆಗ ಎಲ್ಲಿ ನೋಡಿದರೂ ಹೆಬ್ಬಂಡೆ, ಅದನ್ನು ಒಡೆದ ಜಾಗದಲ್ಲಿ ಗಾಜಿನ ಕಟ್ಟಡ. ಶರಣಪ್ಪ ಗಂಜಿ ಹಾಕಿದ ಯೂನಿಫಾರ್ಮಿನಲ್ಲಿ ಸೆಟೆದು ನಿಂತು, ನಾನು ಬಾಯಿ ತೆರೆಯುವ ಮೊದಲೇ “ಎಲ್ಲಾ ಆರಾಮ ಐತ್ರಿ” ಎಂದರು. ಐದು ನಿಮಿಷವೂ ಆಗಿರಲಿಲ್ಲ, ಪಕ್ಕದ ಸೈಟಿನಲ್ಲಿ ಢಂ ಎಂದು ಬಂಡೆ ಸಿಡಿಯಿತು. ನೆಲ ನಡುಗಿತು. ಕೊರಳಲ್ಲಿ ಐಡಿ ಕಾರ್ಡು ತೂಗುಹಾಕಿಕೊಂಡ ಹುಡುಗ ಹುಡುಗಿಯರು ಚಹಾದ ಲೋಟ ಹಿಡಿದು ತಮ್ಮ ಪಾಡಿಗೆ ನಡೆಯುತ್ತಲೇ ಇದ್ದರು. ಶರಣಪ್ಪ ಮಾತ್ರ ನನ್ನ ಪಕ್ಕದಲ್ಲಿರಲಿಲ್ಲ. ಕ್ಯಾಬಿನ್ನಿನ ಹಿಂದೆ ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಕುಕ್ಕರಗಾಲಲ್ಲಿ ಕುಳಿತಿದ್ದರು. ಎದ್ದು ಬಂದು, ಟೋಪಿಯ ಧೂಳು ಕೊಡವಿ, “ಏನಿಲ್ರಿ” ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. “ಐದು ವಾರ ನನಗ ಸುಳ್ಳ್ಯಾಕ ಹೇಳಿದ್ರಿ?”

ಅವರಿಗೆ ನಿಜಕ್ಕೂ ಆಶ್ಚರ್ಯವಾಯಿತು. “ಸುಳ್ಳಲ್ರಿ ಮೇಡಂ. ಫೌಜಿನಾಗ ಸಾಹೇಬ್ರು ಸಾಲಿನ ಮುಂದ ನಿಂತು ‘ಕೋಯಿ ತಕ್ಲೀಫ್?’, ಏನಾರ ತ್ರಾಸ್ ಐತೇನು, ಅಂತ ಕೇಳ್ತಾರ. ‘ನಹೀಂ ಸಾಬ್’ ಅನ್ನೂದು. ಇಪ್ಪತ್ತು ವರ್ಷ ಹಂಗ ಅಂದೀನ್ರಿ. ಅದಕ್ಕ ಬ್ಯಾರೆ ಉತ್ತರ ಐತಿ ಅಂತ ನಮಗ ಯಾರೂ ಹೇಳಿಲ್ಲ.”

ತಪ್ಪು ನನ್ನದೇ. ಪರೇಡಿನ ಪ್ರಶ್ನೆ ಕೇಳಿದ್ದೆ, ಪರೇಡಿನ ಉತ್ತರ ಸಿಕ್ಕಿತ್ತು.

ಆಗ ಕ್ಯಾಬಿನ್ನಿನಲ್ಲಿದ್ದ ಗೇಟ್ ರಿಜಿಸ್ಟರ್ ಕಣ್ಣಿಗೆ ಬಿತ್ತು. ಶರಣಪ್ಪನವರದೇ ದುಂಡನೆಯ ಅಕ್ಷರ. ನೀರಿನ ಟ್ಯಾಂಕರ್ ಬಂದ ಗಳಿಗೆ, ಡ್ರೈವರನ ಹತ್ತಿರ ಪಾಸ್ ಇರಲಿಲ್ಲ ಎಂಬ ವಿವರ, ನಾಯಿಯೊಂದು ಗೇಟಿನಡಿ ನುಸುಳಿದ್ದು ಸಹಿತ ದಾಖಲಾಗಿತ್ತು. ಈ ಮನುಷ್ಯ ತೊಂದರೆ ಹೇಳಿಕೊಳ್ಳುವವರಲ್ಲ, ಆದರೆ ರಿಪೋರ್ಟಿನಲ್ಲಿ ಒಂದಕ್ಷರ ಬಿಡುವವರೂ ಅಲ್ಲ.

“ಹವಾಲ್ದಾರ್ ಸಾಹೇಬ್ರ, ಇನ್ನ ಮ್ಯಾಲೆ ತ್ರಾಸ್ ಕೇಳೂದಿಲ್ಲ. ನಿಮ್ಮ ಮೈದು ರಿಪೋರ್ಟ್ ಬೇಕು. ನಿದ್ದಿ ಎಷ್ಟು, ಮಾತ್ರಿ ಎಷ್ಟು, ಬಂಡಿಗಲ್ಲು ಸಿಡಿದಾಗ ಏನಾತು, ಎಲ್ಲಾ.”

ಅವರ ಬೆನ್ನು ನೆಟ್ಟಗಾಯಿತು. “ಯಾವಾಗ ಕೊಡಬೇಕ್ರಿ?”

“ಶನಿವಾರ ಹನ್ನೊಂದಕ್ಕ.”

ಹತ್ತು ಐವತ್ತಕ್ಕೇ ನೋಟ್‌ಬುಕ್ಕಿನೊಂದಿಗೆ ಹಾಜರಾದರು. ಎರಡು ದಿನಕ್ಕೆ ಒಂಬತ್ತು ಪುಟ. ‘ನಿದ್ರೆ: ಒಂದು ತಾಸು ನಲವತ್ತು ನಿಮಿಷ. ಸ್ಫೋಟ: ಮೂರು. ಕೈ ನಡುಕ: ಮೂರು ಸಲ. ಮಾತ್ರೆ: ತೆಗೆದುಕೊಂಡಿಲ್ಲ, ಕಾರಣ ಡ್ಯೂಟಿಯಲ್ಲಿ ಕಣ್ಣು ಎಳೆಯುತ್ತದೆ. ಮಗಳನ್ನು ನೋಡಿದ್ದು: ದೂರದಿಂದ, ಶಾಲೆಯ ಗೇಟಿನಲ್ಲಿ.’ ಆ ಕೊನೆಯ ಸಾಲು ಓದಿ ನಾನು ಅತ್ತೆ. ಮುಚ್ಚಿಡುವುದೇನಿದೆ.

ನಮ್ಮ ಡಾಕ್ಟರು ಒಂಬತ್ತೂ ಪುಟ ಓದಿದರು. ಮಾತ್ರೆ ಬದಲಿಸಿದರು, ಹೊತ್ತು ಬದಲಿಸಿದರು. ವಾರಕ್ಕೆರಡು ಸಲ ಕೌನ್ಸೆಲಿಂಗ್‌ಗೆ ಬರಲೇಬೇಕೆಂದರು. ಕೊನೆಗೆ ಕನ್ನಡಕ ತೆಗೆದು, “ರಿಪೋರ್ಟ್ ಮುಗಿಯುವವರೆಗೆ ಕುಟುಂಬ ಸ್ಥಳ ಬಿಡುವಂತಿಲ್ಲ. ಇದು ಆರ್ಡರ್,” ಎಂದರು. ಶರಣಪ್ಪ ಸೆಲ್ಯೂಟ್ ಹೊಡೆದರು. ಸೋಮವಾರದ ಬಸ್ಸು ತಾಯಿ ಮಗಳಿಲ್ಲದೆ ಹೋಯಿತು.

ಉಳಿದದ್ದು ಬಂಡೆ. ಶರಣಪ್ಪನವರ ಒಪ್ಪಿಗೆ ಪಡೆದು ಪಕ್ಕದ ಸೈಟಿಗೆ ಹೋದೆ. ಮೇಸ್ತ್ರಿ ಹಣಮಂತ ಯಾದಗಿರಿಯವನು. ನನ್ನ ಮಾತು ಕೇಳಿದ್ದೇ “ಅಕ್ಕಾರ, ನಮ್ಮ ಕಡ್ಯಾರೇನ್ರಿ?” ಎಂದು ಮುಖ ಅರಳಿಸಿದ. ಗೇಟಿನಲ್ಲಿರುವ ಫೌಜಿಯವರಿಗೆ ಮೊದಲೇ ಸುದ್ದಿ ಗೊತ್ತಾಗಬೇಕು ಎಂದೆ. “ಇಷ್ಟ ಏನ್ರಿ? ಮದ್ದಿಗೆ ಬೆಂಕಿ ಕೊಡೂಕಿಂತ ಹತ್ತು ನಿಮಿಷ ಮೊದ್ಲ ನಮ್ಮ ಮಂದೀನ ಕಳಸ್ತೀನಿ,” ಎಂದ. ಹೇಳಿದಂತೆ ನಡೆದುಕೊಂಡ.

ಗೊತ್ತಿದ್ದು ಬರುವ ಶಬ್ದ ಬೇರೆ, ಗೊತ್ತಿಲ್ಲದೆ ಎರಗುವ ಶಬ್ದ ಬೇರೆ. ಡಾಕ್ಟರು ಮೆಟ್ಟಿಲು ಮೆಟ್ಟಿಲಾಗಿ ಲೆಕ್ಕ ಹಾಕಿಕೊಟ್ಟರು. ಮೊದಲ ವಾರ ಸ್ಫೋಟದ ಹೊತ್ತಿಗೆ ಶರಣಪ್ಪ ಕಟ್ಟಡದ ಒಳಗೆ, ಆಮೇಲೆ ಕ್ಯಾಬಿನ್ನಿನಲ್ಲಿ, ಆಮೇಲೆ ಗೇಟಿನಲ್ಲಿ. ಎಲ್ಲವೂ ಸಲೀಸಾಗಿ ಸಾಗಲಿಲ್ಲ. ರಾತ್ರಿ ಮನೆಯಲ್ಲಿ ಮಲಗಲು ಶುರುಮಾಡಿದ್ದರು, ಅಷ್ಟರಲ್ಲಿ ದೀಪಾವಳಿಯ ಪಟಾಕಿ ಬಂತು. ‘ಮತ್ತೆ ಸ್ಟೇಷನ್ನಿನಲ್ಲಿ ಮಲಗಿದೆ’ ಎಂದು ಬರೆದರು. ಆದರೆ ಬರೆದರಲ್ಲ! ಬರೆದದ್ದರಿಂದ ಮರುದಿನವೇ ಕರೆಸಿಕೊಂಡೆವು.

ರಿಪೋರ್ಟಿನ ಒಂಬತ್ತನೇ ವಾರದ ಪುಟವನ್ನು ನಾನು ಇಡೀ ವಿಭಾಗಕ್ಕೆ ಕೇಳುವಂತೆ ಗಟ್ಟಿಯಾಗಿ ಓದಿದೆ. ‘ಸ್ಫೋಟ: ಮೂರು. ಕೈ ನಡುಕ: ಇಲ್ಲ. ಬಂಡೆ ಸಿಡಿಯುವ ಮೊದಲು ಕೆಂಪು ಬಾವುಟ ಹಿಡಿದು ರಸ್ತೆಯಲ್ಲಿ ನಾನೇ ಸೀಟಿ ಊದಿದೆ. ಎರಡು ಬಸ್ಸು, ಹದಿನಾಲ್ಕು ಕಾರು ತಡೆದೆ.’

ನಾಲ್ಕನೇ ತಿಂಗಳ ತಪಾಸಣೆಯ ದಿನ. ಕಾರಿಡಾರಿನ ಬೆಂಚಿನ ಮೇಲೆ ಮಾಜಿ ಸೈನಿಕರು ಸಾಲಾಗಿ ಕುಳಿತಿದ್ದರು. ತುದಿಯಲ್ಲಿ ಶರಣಪ್ಪ, ಪಕ್ಕದಲ್ಲಿ ಮಹಾದೇವಿ. ಹಳೆಯ ಚಾಳಿ ಎಲ್ಲಿ ಹೋಗುತ್ತದೆ? ಬಾಯಿತಪ್ಪಿ ಕೇಳಿಯೇಬಿಟ್ಟೆ, “ಏನಾರ ತ್ರಾಸ್ ಐತೇನ್ರಿ?”

ಶರಣಪ್ಪ ಎದ್ದು ನಿಂತರು. “ಐತ್ರಿ ಮೇಡಂ.”

ಇಡೀ ಬೆಂಚು ತಿರುಗಿ ನೋಡಿತು.

“ನನ್ನ ಗೊರಕಿಗೆ ಮಗಳಿಗೆ ನಿದ್ದಿ ಹತ್ತವಲ್ದಂತ್ರಿ. ಹೊರಗ ಮಲಗು ಅಂತ ಜಗಳಾ ಮಾಡ್ತಾಳ. ನಾ ಹೋಗೂದಿಲ್ಲ ಅಂದೀನಿ. ಬರಕೊಳ್ರಿ.”

ಮಹಾದೇವಿ ಸೆರಗು ಬಾಯಿಗಿಟ್ಟು ನಕ್ಕರು. ಬೆಂಚಿನ ತುಂಬ ನಗೆ ಹಬ್ಬಿತು. ನಾನು ನಗುತ್ತಲೇ ಕಣ್ಣೊರೆಸಿಕೊಂಡೆ.

ಮನುಷ್ಯನಿಗೆ ಯಾವ ರೀತಿ ಕೇಳಿದರೆ ಉತ್ತರ ಕೊಡಲು ಬರುತ್ತದೋ ಆ ರೀತಿಯನ್ನು ಹುಡುಕುವುದೇ ನನ್ನ ಕೆಲಸ, ಖಾನೆ ತುಂಬುವುದಲ್ಲ. ಮೂವತ್ತು ವರ್ಷದ ನೌಕರಿಯಲ್ಲಿ ನಾನು ಕಲಿತ ಪಾಠಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ. ಕಲಿಸಿದವರು ಶರಣಪ್ಪ.

ಅವರು ಅಂದು ಕಲಿಸಿದ್ದು ನನಗೊಬ್ಬಳಿಗೇ ಅಲ್ಲ. ನಗೆ ಇನ್ನೂ ನಿಂತಿರಲಿಲ್ಲ, ಬೆಂಚಿನ ಇನ್ನೊಂದು ತುದಿಯಲ್ಲಿದ್ದ ಹಿರಿಯ ತೆಲುಗು ಸುಬೇದಾರರು ಮೆಲ್ಲಗೆ ಕೈ ಎತ್ತಿದರು. ಒಂದು ವರ್ಷದಿಂದ ನನಗೆ ‘ಏನೂ ಇಲ್ಲಮ್ಮಾ’ ಎನ್ನುತ್ತಾ ಬಂದವರು.

“ಮೇಡಂ,” ಎಂದರು, “ನಾಕೂ ಉಂದಿ.” ನನಗೂ ಇದೆ.

ರಿಜಿಸ್ಟರನ್ನು ಟೇಬಲ್ಲಿನ ಮೇಲೇ ಬಿಟ್ಟು, ಕುರ್ಚಿ ಎಳೆದುಕೊಂಡು ಅವರ ಪಕ್ಕ ಕುಳಿತೆ.